ಬೆರಳ ತುದಿಯ ಹನಿ

ಸುಲೋಚನಕ್ಕನ ಬೆರಳ ತುದಿಯಲ್ಲಿ ಮೂಡುತ್ತಿದ್ದ ಆ ಕೆಂಪು ಹನಿ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅವಳು ನನ್ನ ಓರಗಿತ್ತಿ. ಒಂದೇ ಮನೆಯಲ್ಲಿ ಇಬ್ಬರೂ ಬಸುರಿಯರು. ಅವಳಿಗೆ ಬಸುರಿನಲ್ಲಿ ಸಕ್ಕರೆ ಕಾಯಿಲೆ ಬಂದಿತ್ತು. ದಿನಾ ಬೆಳಿಗ್ಗೆ ಭಾವ ಅವಳ ಬೆರಳು ಹಿಡಿದು, ಸೂಜಿ ಚುಚ್ಚಿ, ಹನಿಯನ್ನು ಪುಟ್ಟ ಯಂತ್ರಕ್ಕೆ ಮುಟ್ಟಿಸಿ, "ನೋವಾಯ್ತೇನೆ?" ಎಂದು ಕೇಳುತ್ತಿದ್ದರು. ಅತ್ತೆ ಅವಳಿಗೆಂದೇ ರಾಗಿ ರೊಟ್ಟಿ ತಟ್ಟುತ್ತಿದ್ದರು. ನನಗೆ ತಡೆಯಲಾರದ ಹೊಟ್ಟೆಯುರಿ. ಇವರೋ, ನನ್ನ ಗಂಡ, ಪತ್ರಿಕೆಯಿಂದ ತಲೆಯೆತ್ತಿದರೆ ಹೆಚ್ಚು. ಆ ಕಾಯಿಲೆ ನನಗೂ ಬರಬಾರದಿತ್ತೇ ಎಂದುಕೊಂಡೆ. ಎಂಥ ಹುಚ್ಚು ನೋಡಿ!

ಆರನೇ ತಿಂಗಳಲ್ಲಿ ನನ್ನ ರಕ್ತಪರೀಕ್ಷೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಿತ್ತು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಮೂರು ರವೆ ಉಂಡೆ ಗುಳುಂ ಮಾಡಿ ಹೋದೆ.

ಸಕ್ಕರೆ ಏರಿಯೇ ಇತ್ತು. ಇವರು ವರದಿ ಓದಿ, "ಅತ್ತಿಗೆ ತಿನ್ನೋದನ್ನೇ ನೀನೂ ತಿನ್ನು" ಎಂದು ಮತ್ತೆ ಪತ್ರಿಕೆ ಬಿಡಿಸಿದರು. ಅಷ್ಟೇ! ಮೈಯೆಲ್ಲ ಉರಿದುಹೋಯಿತು. ಆದರೆ ಡಾಕ್ಟರಮ್ಮ "ಇನ್ಸುಲಿನ್ ಶುರು ಮಾಡೋಣ" ಎಂದಾಗ ಹೆದರಿಬಿಟ್ಟೆ. ಇಲ್ಲದ ಕಾಯಿಲೆಗೆ ಮದ್ದು ಚುಚ್ಚಿಸಿಕೊಂಡು ಮಗುವಿಗೆ ಏನಾದರೂ ಆದರೆ? ಅಳುತ್ತ ಉಂಡೆಯ ವಿಷಯ ಹೇಳಿಬಿಟ್ಟೆ.

"ಒಳ್ಳೆ ಹೆಂಗಸಮ್ಮ ನೀನು! ನಾಳೆ ನೀರು ಬಿಟ್ಟು ಬೇರೇನೂ ಮುಟ್ಟದೆ ಬಾ" ಎಂದು ಬೈದರು.

ಮರುದಿನ ಮತ್ತೆ ನೋಡಿದರು. ಮೊದಲಿನಷ್ಟಿರಲಿಲ್ಲ, ಆದರೂ ಇರಬೇಕಾದ್ದಕ್ಕಿಂತ ಹೆಚ್ಚೇ. ಕಾಯಿಲೆ ನಿಜವಾಗಿಯೂ ಬಂದಿತ್ತು! "ಸದ್ಯ ಪಥ್ಯ ಸಾಕು. ತಪ್ಪಿದರೆ ಮಗುವಿಗೇ ಕಷ್ಟ" ಎಂದರು. ಬಯಸಿದ್ದು ಸಿಕ್ಕಿತ್ತು, ನಾನು ದಾರಿಯುದ್ದಕ್ಕೂ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಮನೆಗೆ ಬಂದೆ.

ಬೆಳಗಾದಾಗ ಬೆರಳು ಚಾಚಿ ಇವರಿಗಾಗಿ ಕಾದೆ. ಸೂಜಿ ಕಂಡದ್ದೇ ತಡ, "ನನ್ನ ಕೈಲಾಗಲ್ಲಪ್ಪ" ಎಂದು ಎದ್ದುಹೋದರು. ಸುಲೋಚನಕ್ಕ ಬಂದು "ಕೊಡೇ ಇಲ್ಲಿ" ಎಂದು ಬೆರಳು ಹಿಡಿದು ಚುಚ್ಚಿದಳು. ಯಂತ್ರ ನೋಡಿ ಮುಖ ಊದಿಸಿಕೊಂಡಳು.

"ಇದೇನೇ, ನನಗಿಂತ ಇಪ್ಪತ್ತು ಕಡಿಮೆ! ನಾನು ತಿಂಗಳಿಂದ ಬಾಯಿ ಕಟ್ಟಿ ಸಾಯ್ತಿದೀನಿ. ನಿನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ ಕಣೇ."

ನನ್ನನ್ನು ಕಂಡೂ ಹೊಟ್ಟೆ ಉರಿದುಕೊಳ್ಳುವವರಿದ್ದಾರಲ್ಲ! ನಗುವೂ ಅಳುವೂ ಒಟ್ಟಿಗೇ ಬಂದವು.

ನನ್ನ ಮಗಳು ಹುಟ್ಟಿ ಕೈಗೆ ಬರುವವರೆಗೂ ದಿನಾ ಚುಚ್ಚಿದ್ದು ಸುಲೋಚನಕ್ಕನೇ. ಆ ಮೊದಲ ಬೆಳಿಗ್ಗೆ ನನ್ನ ಕಣ್ಣೀರು ಕಂಡು, "ನೋವಾಯ್ತೇನೆ?" ಎಂದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಹನಿ ಒರೆಸಿ ಹತ್ತಿ ಒತ್ತಿದ ಮೇಲೂ ಅವಳು ನನ್ನ ಬೆರಳು ಬಿಡಲಿಲ್ಲ.