ಓಗೊಟ್ಟ ದಿಬ್ಬ

ಕ್ಲೆಮ್ ಎಷ್ಟು ಹೇಳಿದರೂ ಟ್ಯಾನ್ಸಿ ಬಿಲದೊಳಗೆ ಇಳಿಯಲಿಲ್ಲ. ಅವನು ಬೈದ, ಕುತ್ತಿಗೆ ಹಿಡಿದು ಅದರ ಮೂತಿಯನ್ನು ಮಣ್ಣಿಗೆ ಒತ್ತಿದ. ಆ ಪುಟ್ಟ ಟೆರಿಯರ್ ನಾಯಿ ನಾಲ್ಕೂ ಕಾಲು ಊರಿ ನಿಂತು ಲಿನೆಟ್‌ಳ ಮುಖವನ್ನೇ ನೋಡುತ್ತಿತ್ತು.

"ನೀನು ಹೇಳೇ," ಅಂದ ಕ್ಲೆಮ್, ತಂಗಿಯ ಕಡೆ ತಿರುಗಿ. "ನಿನ್ನ ಮುದ್ದಿನ ಮಗಳಲ್ವಾ. ನನ್ನ ಮಾತು ಅದಕ್ಕೆಲ್ಲಿ ರುಚಿಸುತ್ತೆ."

ಊರವರು ಜೋನಜ್ಜಿಯ ದಿಬ್ಬ ಎನ್ನುವ ಆ ಮಣ್ಣುದಿಬ್ಬ ಅವರ ಹೊಲದ ಮೇಲ್ಗಡೆಯ ಹುಲ್ಲುಗಾವಲಿನಲ್ಲಿ, ಬೋರಲು ಹಾಕಿದ ದೋಣಿಯಂತೆ ಉದ್ದಕ್ಕೆ ಮಲಗಿತ್ತು. ಕಬ್ಬಿಣ ಕಾಣದ ಕಾಲದವರ ಗೋರಿ. ಈಗ ಒಳಗಿದ್ದದ್ದು ಬ್ಯಾಡ್ಜರ್‌ಗಳು, ಬಿಳಿ ಪಟ್ಟೆ ಮೂತಿಯ, ಮಣ್ಣು ತೋಡುವ ಪ್ರಾಣಿಗಳು. ವಸಂತದಲ್ಲಿ ಹಸುಗಳಿಗೆ ಕ್ಷಯ ತಗುಲಿ ಸರ್ಕಾರದ ಲಾರಿ ಅರ್ಧ ಕೊಟ್ಟಿಗೆಯನ್ನೇ ಕಸಾಯಿಖಾನೆಗೆ ಹೊತ್ತೊಯ್ದಿತ್ತು. ರೋಗ ತಂದದ್ದು ಈ ಬ್ಯಾಡ್ಜರ್‌ಗಳೇ ಎಂದು ಕ್ಲೆಮ್ ಹಲ್ಲು ಕಡಿಯುತ್ತಿದ್ದ. ಆದರೆ ಬ್ಯಾಡ್ಜರ್‌ನ ಬಿಲಕ್ಕೆ ಕೈಹಾಕಿದರೂ ಜೈಲು, ಗೋರಿದಿಬ್ಬವನ್ನು ಅಗೆದರೂ ಜೈಲು. ಅದಕ್ಕೇ ಭಾನುವಾರ ಬೆಳಗ್ಗೆ, ಊರೆಲ್ಲ ಚರ್ಚಿನಲ್ಲೋ ಹಾಸಿಗೆಯಲ್ಲೋ ಇರುವ ಹೊತ್ತಿಗೆ ಬಂದಿದ್ದರು. ಅವನ ಸ್ವಂತ ನಾಯಿ ಹೋದ ತಿಂಗಳು ಇದೇ ಬಿಲದಲ್ಲಿ ದವಡೆ ಹರಿಸಿಕೊಂಡಿತ್ತು. ಬ್ಯಾಡ್ಜರ್‌ಗಳನ್ನು ಹೊರಗಟ್ಟಲು ಉಳಿದದ್ದು ಟ್ಯಾನ್ಸಿ. ತಾಯಿ ಸತ್ತ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ, ತನ್ನ ಸ್ವೆಟರಿನೊಳಗೆ ಇಟ್ಟುಕೊಂಡು ಲಿನೆಟ್ ಬೆಳೆಸಿದ್ದಳು. ಮನುಷ್ಯರ ಮುಂದೆ ತೆರೆಯದ ಅವಳ ಬಾಯಿ ಆ ನಾಯಿಯ ಮುಂದೆ ಧಾರಾಳವಾಗಿ ತೆರೆಯುತ್ತಿತ್ತು.

ಬೇಡ ಅನ್ನಬೇಕಿತ್ತು. ಮನೆ ಅಣ್ಣನದು, ಹೊಲ ಅಣ್ಣನದು. ಅದನ್ನು ಅವನು ವಾರಕ್ಕೊಮ್ಮೆಯಾದರೂ ನೆನಪಿಸುತ್ತಿದ್ದ. ಲಿನೆಟ್ ಬಗ್ಗಿ, ನಾಯಿಯ ಕಿವಿ ಸವರಿ, "ಹೋಗು, ಟ್ಯಾನ್ಸಿ" ಅಂದಳು. ಅದು ಬಾಲ ಅಲ್ಲಾಡಿಸುತ್ತಲೇ ಒಳಗೆ ಹೋಯಿತು.

ಒಂದಷ್ಟು ಹೊತ್ತು ಬೊಗಳುವ ಸದ್ದು ಕೇಳಿತು. ಆಮೇಲೆ ದಿಬ್ಬದೊಳಗೆ ದೊಪ್ಪನೆ ಏನೋ ಕುಸಿಯಿತು. ಕಾಲಡಿಯ ನೆಲ ಅದುರಿತು. ಅದರ ಹಿಂದೆಯೇ ಸಣ್ಣ ಕುಂಯ್‌ಗುಟ್ಟುವ ದನಿ ಬಂತು. ಹಳೆಯ ಕಲ್ಲೊಂದು ಸರಿದು ನಾಯಿಯ ದಾರಿ ಮುಚ್ಚಿತ್ತು. ಕ್ಲೆಮ್ ಗುದ್ದಲಿ ಹಾಕಿದ. ಲಿನೆಟ್ ಬರಿಗೈಯಲ್ಲಿ ಮಣ್ಣು ಬಾಚಿದಳು. ದನಿ ಹತ್ತಿರವಾಗುತ್ತ ಬಂತು. ಇನ್ನೊಂದು ಮೊಳ ಅಗೆದರೆ ಸಿಕ್ಕಿಬಿಡುತ್ತೆ ಎಂದು ಕ್ಲೆಮ್ ಅನ್ನುವಷ್ಟರಲ್ಲಿ ಕೆಳಗಿನ ಗೇಟು ಕಿರುಗುಟ್ಟಿತು.

ತಿಂಗಳ ಮೊದಲ ಭಾನುವಾರ ಮಿಸ್ ಹ್ಯಾಲೆಟ್ ಗೋರಿದಿಬ್ಬಗಳನ್ನು ತೋರಿಸಲು ಜನರನ್ನು ಕರೆತರುತ್ತಿದ್ದರು. ಯಾವಾಗಲೂ ಮಧ್ಯಾಹ್ನ ಬರುವವರು ಇವತ್ತು ಬೆಳಗ್ಗೆಯೇ ಬಂದಿದ್ದರು. ಕ್ಲೆಮ್ ಕಿತ್ತಿಟ್ಟ ಹುಲ್ಲುಹೆಂಟೆಗಳನ್ನು ಗುಂಡಿಯ ಬಾಯಿಗೆ ಒತ್ತಿ, ಗುದ್ದಲಿಯನ್ನು ತುರಿಕೆಗಿಡಗಳ ನಡುವೆ ಎಸೆದು, ಕೋಟು ಹಾಸಿ ಅದರ ಮೇಲೇ ಕೂತ.

"ಬಾಯಿ ಬಿಟ್ಟೀಯ," ಎಂದು ನಗುಮುಖದಲ್ಲೇ ಪಿಸುಗುಟ್ಟಿದ. "ನಾಯಿನ ಒಳಗೆ ಬಿಟ್ಟೋಳು ನೀನು. ಪೊಲೀಸರಿಗೂ ಅದನ್ನೇ ಹೇಳ್ತೀನಿ."

ನೋಡುತ್ತಾರೆ, ಹೋಗುತ್ತಾರೆ ಎಂದು ಲಿನೆಟ್ ತನಗೆ ತಾನೇ ಹೇಳಿಕೊಂಡಳು. ಅಲ್ಲಿಯವರೆಗೆ ನಾಯಿಗೆ ಉಸಿರಾಡಲು ಒಂದಿಷ್ಟು ಸಂದಿ ಇದ್ದರೆ ಸಾಕು. ಅವನ ಪಕ್ಕ ಕೂತು, ಕೈಯನ್ನು ಬೆನ್ನ ಹಿಂದೆ ಇಟ್ಟು, ಎರಡು ಹೆಂಟೆಗಳ ನಡುವೆ ಬೆರಳು ತೂರಿಸಿ ಅಗಲಿಸತೊಡಗಿದಳು. ಕ್ಲೆಮ್ ಕಾಲು ಬದಲಾಯಿಸಿದಂತೆ ಮಾಡಿ ತನ್ನ ಬೂಟನ್ನು ಅವಳ ಬೆರಳುಗಳ ಮೇಲೆ ಊರಿದ.

ಬಂದವರು ಪಟ್ಟಣದವರು. ಒಬ್ಬ ಗಂಡಸಿನ ಜೊತೆ ಸ್ಪ್ಯಾನಿಯಲ್ ನಾಯಿಯೊಂದಿತ್ತು. ಮಿಸ್ ಹ್ಯಾಲೆಟ್ ಲಿನೆಟ್‌ಗೆ ಶಾಲೆಯಲ್ಲಿ ಚರಿತ್ರೆ ಕಲಿಸಿದವರು. ಗಟ್ಟಿಯಾಗಿ ಓದು ಎಂದು ಅವಳನ್ನು ಪೀರಿಯಡ್ ಮುಗಿಯುವವರೆಗೂ ನಿಲ್ಲಿಸುತ್ತಿದ್ದರು. ಅವಳು ಶಾಲೆ ಬಿಟ್ಟದ್ದು ಹಾಗೆ ನಿಂತೂ ನಿಂತೂ. ಈಗ ಅವರು ದಿಬ್ಬದ ಮೇಲೆ ಹತ್ತಿ, ಆ ಕಾಲದವರು ತಮ್ಮ ಸತ್ತವರನ್ನು ಮರೆಯುತ್ತಿರಲಿಲ್ಲ, ಮೂಳೆಗಳನ್ನು ಹೊರತಂದು ಜೊತೆಗೆ ಕೂತು ಉಣ್ಣುತ್ತಿದ್ದರು ಎಂದು ಹೇಳುತ್ತಿದ್ದರು. ಜನ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಸ್ಯಾಂಡ್‌ವಿಚ್ ಬಿಚ್ಚಿದರು. ಸ್ಪ್ಯಾನಿಯಲ್ ಮಾತ್ರ ಕ್ಲೆಮ್‌ನ ಕೋಟಿನ ಬಳಿ ಬಂದು ಪರಪರ ಕೆರೆಯಿತು. ಅದರ ಒಡೆಯ ಪಟ್ಟಿ ಹಿಡಿದು ಎಳೆದು, ಗೋರಿ ಕೆದಕಬಾರದು, ಮರ್ಯಾದೆ ಕಲಿ ಎಂದು ಗದರಿದ. ಎಲ್ಲರೂ ನಕ್ಕರು.

ನಗು ನಿಂತಾಗ ನೆಲದೊಳಗಿಂದ ಕುಂಯ್‌ಗುಟ್ಟುವ ದನಿ ಕೇಳಿತು.

ಹೆಂಗಸೊಬ್ಬಳ ಕೈಯ ಲೋಟ ಅರ್ಧಕ್ಕೇ ನಿಂತಿತು. ಅದೇನು ಎಂದು ಯಾರೋ ಕೇಳಿದರು.

"ಗಾಳಿ," ಅಂದ ಕ್ಲೆಮ್. "ಕಲ್ಲಿನ ಸಂದಿಗೆ ಹೊಕ್ಕರೆ ಹೀಗೇ ಅಳುತ್ತೆ. ನಮ್ಮ ಕಡೆಯೋರು ಜೋನಜ್ಜಿ ಅಳ್ತಾಳೆ ಅಂತಾರೆ. ಬೇಕಾದ್ರೆ ನಮ್ಮ ಹುಡುಗಿನ ಕೇಳಿ."

ಎಲ್ಲ ಮುಖಗಳೂ ಅವಳತ್ತ ತಿರುಗಿದವು. ನಾಯಿ ಎಂದು ಒಂದೇ ಒಂದು ಮಾತು ಹೇಳಿದರೆ ಇವರೇ ಬಗೆದು ತೆಗೆಯುತ್ತಾರೆ. ಅದು ಅವಳಿಗೆ ಗೊತ್ತಿತ್ತು. ಬೂಟು ಬೆರಳುಗಳ ಮೇಲೆ ಇನ್ನಷ್ಟು ಭಾರ ಬಿಟ್ಟಿತು.

"ಗಾಳಿ," ಅಂದಳು ಲಿನೆಟ್.

ಅವಳ ದನಿ ಕೇಳಿದ್ದೇ ತಡ, ಕೆಳಗೆ ಟ್ಯಾನ್ಸಿ ಹುಚ್ಚೆದ್ದಿತು. ಊಳಿಟ್ಟಿತು, ಕೆರೆಯಿತು, ಮತ್ತೆ ಊಳಿಟ್ಟಿತು. ಮೇಲೆ ಕೇಳುವ ಹೊತ್ತಿಗೆ ಅದು ನಾಯಿಯ ದನಿಯಾಗಿ ಉಳಿದಿರಲಿಲ್ಲ. ಮಣ್ಣು, ಕಲ್ಲುಗಳ ನಡುವೆ ಸೋಸಿ ಬಂದ ಎಳೆಯ ಅಳುವಾಗಿತ್ತು.

"ಅಯ್ಯೋ, ಓಗೊಡ್ತು ಇವಳಿಗೆ!" ಲೋಟದ ಹೆಂಗಸು ಎದೆ ಮುಟ್ಟಿಕೊಂಡಳು. "ಇನ್ನೊಂದ್ಸಲ ಕೂಗಮ್ಮ."

ಎಲ್ಲರೂ ಫೋನು ಹೊರತೆಗೆದರು. ಮಿಸ್ ಹ್ಯಾಲೆಟ್ ಅವಳ ಎದುರು ಮೊಣಕಾಲೂರಿ ಕೂತರು. ಅವರ ಕಣ್ಣು ಹೊಳೆಯುತ್ತಿತ್ತು. "ನೋಡು ಲಿನೆಟ್, ಇಷ್ಟು ವರ್ಷಕ್ಕೆ ನಿನ್ನ ಬಾಯಿಂದ ಮಾತು ಬಂತು. ಹೇಳು, ಗಟ್ಟಿಯಾಗಿ ಹೇಳು. ಅಜ್ಜೀ ಅಂತ ಕೂಗು."

ಕೂಗಿದಳು. ಕೆಳಗಿನಿಂದ ಉತ್ತರ ಬಂತು. ಅವರು ಮತ್ತೆ ಕೂಗಿಸಿದರು, ಮತ್ತೆ ಬಂತು. ಒಬ್ಬನ ಫೋನಿನಲ್ಲಿ ಸರಿಯಾಗಿ ಮೂಡಲಿಲ್ಲವೆಂದು ಇನ್ನೊಮ್ಮೆ ಕೂಗಿಸಿದರು. ಕೂಗಿದಷ್ಟೂ ಟ್ಯಾನ್ಸಿ ಉಳಿದಿದ್ದ ಉಸಿರನ್ನೆಲ್ಲ ಅವಳಿಗಾಗಿ ಖರ್ಚು ಮಾಡುತ್ತಿತ್ತು. ಅದು ಓಗೊಡುತ್ತಿರುವಷ್ಟು ಹೊತ್ತು ಇವರು ಏಳುವುದಿಲ್ಲ. ಅದು ಹೊಳೆದಾಗ ಲಿನೆಟ್ ತುಟಿ ಕಚ್ಚಿಕೊಂಡಳು. ಎಷ್ಟು ಪುಸಲಾಯಿಸಿದರೂ ಬಾಯಿ ತೆರೆಯಲಿಲ್ಲ.

"ಶಾಲೇಲೂ ಹೀಗೇನೇ," ಎಂದು ಮಿಸ್ ಹ್ಯಾಲೆಟ್ ಮೊಣಕಾಲು ಒರೆಸಿಕೊಂಡು ಎದ್ದರು. ಜನ ಮತ್ತೂ ಒಂದಷ್ಟು ಹೊತ್ತು ಕಾದು, ನೆಲಕ್ಕೆ ಕಿವಿಯಿಟ್ಟು, ಬೇಸರಪಟ್ಟು ಹೊರಟರು.

ಗೇಟು ಮುಚ್ಚಿದ ಸದ್ದಾಗುತ್ತಲೇ ಲಿನೆಟ್ ಹೆಂಟೆಗಳನ್ನು ಕಿತ್ತೆಸೆದಳು. "ಟ್ಯಾನ್ಸಿ" ಎಂದಳು. ಮತ್ತೆ ಕರೆದಳು. ಕ್ಲೆಮ್ ಬಗ್ಗಿ ಕಿವಿಗೊಟ್ಟು ಕೇಳಿದ.

"ಹೋಯ್ತು," ಅಂದ. "ಇನ್ನೇನಕ್ಕೆ ಅಗೀಬೇಕು? ಗುರುತು ಬೇರೆ ಬೀಳುತ್ತೆ." ಅವಳು ಗುದ್ದಲಿ ಎತ್ತಿಕೊಂಡಾಗ ಅದನ್ನು ಕಿತ್ತುಕೊಂಡ. ಗುಂಡಿಗೆ ಮಣ್ಣೆಳೆದು, ಹೆಂಟೆ ಕೂರಿಸಿದ. "ನೀನೇ ತುಳಿ. ಬೇಗ ಬೇರು ಹಿಡೀಲಿ."

ಅವಳು ತುಳಿದಳು.

ಮುಂದಿನ ತಿಂಗಳು ಇಮ್ಮಡಿ ಜನ ಬಂದರು. ಓಗೊಡುವ ದಿಬ್ಬದ ಸುದ್ದಿ ಫೋನಿನಿಂದ ಫೋನಿಗೆ ಹರಡಿತ್ತು. ಬರದಿದ್ದರೆ ಜನ ಅನುಮಾನ ಪಟ್ಟಾರೆಂದು ಕ್ಲೆಮ್ ಅವಳ ಕೂದಲು ಬಾಚಿಸಿ, ಒಳ್ಳೆಯ ಕೋಟು ಹಾಕಿಸಿ ಕರೆತಂದಿದ್ದ. ಮಿಸ್ ಹ್ಯಾಲೆಟ್ ಅವಳ ಹೆಗಲ ಮೇಲೆ ಕೈಯಿಟ್ಟು, ಇವಳೇ ಆ ಹುಡುಗಿ ಎಂದು ಪರಿಚಯಿಸಿ, ಕೂಗಲು ಹೇಳಿದರು.

ಲಿನೆಟ್ ದಿಬ್ಬದತ್ತ ನೋಡಿದಳು. ಹಸಿರು ಹುಲ್ಲಿನ ನಡುವೆ ಹೆಂಟೆ ಕೂರಿಸಿದಷ್ಟು ಜಾಗ ಮಾತ್ರ ಒಣಗಿ ಹಳದಿಯಾಗಿತ್ತು.

"ಟ್ಯಾನ್ಸಿ," ಎಂದು ಕೂಗಿದಳು. ಗಟ್ಟಿಯಾಗಿ, ಗೇಟಿನವರೆಗೆ ಕೇಳುವಂತೆ. "ಟ್ಯಾನ್ಸೀ, ಬಾ."

ಏನೂ ಕೇಳಲಿಲ್ಲ. ಕ್ಲೆಮ್‌ನ ಮುಖ ಬಿಳುಚಿತು. ಹೆಗಲ ಮೇಲಿನ ಕೈ ನಿಧಾನವಾಗಿ ಸರಿಯಿತು. ಎಲ್ಲಿಗೆ ಹೋದರೂ ಲಿನೆಟ್‌ಳ ಹಿಂದೆ ಒಂದು ಕಂದು ನಾಯಿ ಇರುತ್ತಿದ್ದದ್ದನ್ನು ಊರಿನವರೆಲ್ಲ ಕಂಡಿದ್ದರು. ಮಿಸ್ ಹ್ಯಾಲೆಟ್ ಅವಳ ಕಾಲ ಬಳಿಯ ಖಾಲಿ ಜಾಗ ನೋಡಿದರು. ಆಮೇಲೆ ಹಳದಿ ಹುಲ್ಲು ನೋಡಿದರು. ಆಮೇಲೆ ಅವಳ ಮುಖ ನೋಡಿದರು. ಅವರಿಗೆ ತಿಳಿಯಿತು. ತಿಳಿದದ್ದನ್ನು ಲಿನೆಟ್ ಕಣ್ಣಾರೆ ಕಂಡಳು. ಅವರು ಈಗ ಹೇಳುತ್ತಾರೆ ಎಂದು ಕಾದಳು.

ಮಿಸ್ ಹ್ಯಾಲೆಟ್ ಜನರತ್ತ ತಿರುಗಿ ಕೈ ತಟ್ಟಿದರು. ಅವರ ಕತ್ತಿನ ಸ್ಕಾರ್ಫು ಪಟಪಟ ಹೊಡೆದುಕೊಳ್ಳುತ್ತಿತ್ತು.

"ಇವತ್ತು ಗಾಳಿ ಇಲ್ಲ," ಅಂದರು. "ಬನ್ನಿ, ಆ ಕಡೆ ಇನ್ನೊಂದು ದಿಬ್ಬ ಇದೆ."