ಸೆಕೆಂಡ್ ಶಿಫ್ಟ್

ಬಾರಿಸುವ ದೊಡ್ಡ ಡ್ರಮ್ಮು ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಒಳಗಿನಿಂದ ಪಿಳ್ಳಣ್ಣ ತಳ್ಳುತ್ತಿದ್ದ, ಹೊರಗಿನಿಂದ ಇಬ್ಬರು ಎಳೆಯುತ್ತಿದ್ದರು. ಈ ಮನೆ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದ ಮಗುವಿನ ಹಾಗೆ ಅದು ಚೌಕಟ್ಟನ್ನು ಕಚ್ಚಿಕೊಂಡಿತ್ತು. ತೀರಿಹೋದ ತಮ್ಮನನ್ನು ನಡುಮನೆಯಲ್ಲಿ ಮಲಗಿಸಲು ಜಾಗ ಬೇಕು, ಜಾಗವನ್ನೆಲ್ಲ ತಮ್ಮನ ಸಾಮಾನೇ ತುಂಬಿಕೊಂಡಿದೆ. ಪಿಳ್ಳಣ್ಣನಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದಿದ್ದವು.

"ಬದುಕಿದ್ದಾಗ್ಲೂ ಇದ್ರದ್ದೇ ಕಾಟ, ಹೋದ್ಮೇಲೂ ಇದ್ರದ್ದೇ ಕಾಟ," ಎಂದು ಡ್ರಮ್ಮಿಗೆ ಒಂದು ಗುದ್ದು ಕೊಟ್ಟ. ಅದು ಧಿಮ್ಮೆಂದಿತು. ಅಳುತ್ತಿದ್ದ ಹೆಂಗಸರೆಲ್ಲ ಒಂದು ಕ್ಷಣ ಅಳು ನಿಲ್ಲಿಸಿ ನೋಡಿದರು.

ಗೋಡೆಗೊರಗಿ ಕೂತಿದ್ದ ರುಕ್ಮಿಣಮ್ಮ ತಲೆಯೆತ್ತದೆ ಹೇಳಿದಳು: "ಓರೆ ಮಾಡಿ ಭಾವ. ಮೊದ್ಲು ಕಾಲು ಬರ್ಲಿ, ಆಮೇಲೆ ಹೊಟ್ಟೆ."

ಓರೆ ಮಾಡಿದರು. ಬಂತು. ಆ ಡ್ರಮ್ಮು ಮನೆಯೊಳಗೆ ಬಂದ ದಿನವೂ ಹಾಗೇ ಬಂದಿತ್ತು. ಅದನ್ನು ಬಲ್ಲವಳು ಅವಳೊಬ್ಬಳೇ.

ಬೆಳಿಗ್ಗೆ ಮಗ್ಗಕ್ಕೆ ಎಣ್ಣೆ ಬಿಡುತ್ತಿದ್ದ ಅವಳ ಗಂಡ ರಾಮಾಂಜಿನಪ್ಪ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಎಣ್ಣೆ ಡಬ್ಬಿ ಮಾತ್ರ ಚೆಲ್ಲದಂತೆ ಪಕ್ಕಕ್ಕಿಟ್ಟಿದ್ದ. ಅವನ ಸ್ವಭಾವವೇ ಅಷ್ಟು, ಸಾಯುವಾಗಲೂ ಯಾರಿಗೂ ಒರೆಸುವ ಕೆಲಸ ಬಿಟ್ಟುಹೋಗಲಿಲ್ಲ.

ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಸಾವಾದರೆ, ಹೆಣ ಮೂಲೆ ದಾಟುವವರೆಗೆ ಯಾರೂ ಮಗ್ಗ ಓಡಿಸುವುದಿಲ್ಲ. ಸುದ್ದಿ ಮನೆಯಿಂದ ಮನೆಗೆ ಹೋದ ಹಾಗೆ ಮಗ್ಗಗಳು ಒಂದೊಂದಾಗಿ ನಿಂತವು. ಎದುರು ಮನೆಯ ಬೈರಮ್ಮನದು ಮೊದಲು, ಕೊನೆಗೆ ಮೂಲೆ ಮನೆಯವರದು. ಯಾವುದು ಯಾರದೆಂದು ರುಕ್ಮಿಣಮ್ಮನಿಗೆ ಕಣ್ಣು ಮುಚ್ಚಿಕೊಂಡೇ ತಿಳಿಯುತ್ತಿತ್ತು. ಹೊತ್ತು ಮೂಡಿದಾಗಿನಿಂದ ಗುಡುಗುವ ಬೀದಿಯಲ್ಲಿ ಈಗ ಕಾಗೆ ಕೂಗಿದರೂ ಕೇಳುತ್ತಿತ್ತು. ಅವಳಿಗೆ ಗಂಡನ ಮಾತೊಂದು ನೆನಪಾಯಿತು.

"ಅವಸರ ಏನಿಲ್ಲ ರುಕ್ಕೂ," ಎನ್ನುತ್ತಿದ್ದ ಅವನು. "ಒಂದಿನ ಮಗ್ಗ ಎಲ್ಲಾ ನಿಂತಾಗ ಕೇಳುವಂತೆ."

*

ಅವನು ಹೇಳುತ್ತಿದ್ದದ್ದು ಒಂದು ಕ್ಯಾಸೆಟ್ಟಿನ ವಿಷಯ.

ಮದುವೆಗೆ ಮುಂಚೆ ಅವನು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಸಂಜೆ ಅಲ್ಲಿನ ಗೆಳೆಯರ ಜೊತೆ ಸೇರಿ ಡ್ರಮ್ಸ್ ಬಾರಿಸುತ್ತಿದ್ದ. ತಂಡದ ಹೆಸರು ಬ್ರೋಕನ್ ಆಕ್ಸಲ್. ಹೆವಿ ಮೆಟಲ್ ಎಂದರೇನೆಂದು ಊರಲ್ಲಿ ಯಾರಾದರೂ ಕೇಳಿದರೆ, "ಜೋರಾಗಿರೋ ಭಜನೆ" ಎಂದು ನಗುತ್ತಿದ್ದ. ದಂಡು ಪ್ರದೇಶದ ಹಾಲ್‌ಗಳಲ್ಲಿ, ಕಾಲೇಜುಗಳಲ್ಲಿ ಜನ ಅವರಿಗಾಗಿ ಕುರ್ಚಿ ಮುರಿದದ್ದುಂಟಂತೆ. ಎರಡು ಕ್ಯಾಸೆಟ್ ಬಂದವು. ಮದುವೆಯಾದ ವರ್ಷವೇ ಅಪ್ಪ ತೀರಿಕೊಂಡ, ಮಗ್ಗ ನೋಡಿಕೊಳ್ಳಲು ರಾಮಾಂಜಿನಪ್ಪ ಊರಿಗೆ ಬಂದ, ಡ್ರಮ್ಮು ಅವನ ಹಿಂದೆಯೇ ಲಗೇಜ್ ಆಟೋದಲ್ಲಿ ಬಂತು, ತಂಡ ಚದುರಿತು.

ಬೀದಿಯಲ್ಲಿ ಯಾರ ಮಗ್ಗ ಕೆಟ್ಟರೂ ಅವನೇ ಸರಿಮಾಡಬೇಕು. ಉಣ್ಣುವಾಗ ತಟ್ಟೆಯ ಅಂಚಿನ ಮೇಲೆ, ಮಲಗಿದಾಗ ಮಂಚದ ಪಟ್ಟಿಯ ಮೇಲೆ ಬೆರಳು ಆಡುತ್ತಲೇ ಇರುತ್ತಿತ್ತು. ರುಕ್ಮಿಣಮ್ಮ ಎಷ್ಟೋ ಸಲ ಆ ಬೆರಳುಗಳನ್ನು ಹಿಡಿದು ನಿಲ್ಲಿಸಿ ನಿದ್ದೆಹೋಗಿದ್ದಳು.

ತೊಂಬತ್ತೊಂದರಲ್ಲಿ ಹಳೆಯ ಗೆಳೆಯರು ಹುಡುಕಿಕೊಂಡು ಬಂದರು. ಹಾಡುಗಾರ ಭೀಮರಾಜ್ ಎಲ್ಲರಿಗಿಂತ ಮುಂದೆ. ಮತ್ತೆ ಒಂದು ಕ್ಯಾಸೆಟ್ ಮಾಡೋಣ ಎಂದರು. ಮಗ್ಗ ಬಿಟ್ಟು ಬರಲಾರೆ ಎಂದು ಇವನು ಹೇಳಿದಾಗ ಅವರೇ ಇಲ್ಲಿಗೆ ಬಂದು, ಮಗ್ಗದ ಕೊಟ್ಟಿಗೆಗೆ ಅಂಟಿಕೊಂಡಿದ್ದ ನೂಲಿನ ಕೋಣೆಯಲ್ಲಿ ಎರವಲು ತಂದ ರೆಕಾರ್ಡಿಂಗ್ ಮಿಷನ್ನು ಹೂಡಿದರು. ಬುದ್ಧಿವಂತರೇ, ಆದರೆ ಒಂದು ಲೆಕ್ಕ ಯಾರಿಗೂ ಹೊಳೆದಿರಲಿಲ್ಲ. ಗಿಟಾರಿಗೆ ಕರೆಂಟು ಬಂದಾಗ ಮಗ್ಗಕ್ಕೂ ಬರುತ್ತದೆ. ಕರೆಂಟು ಬಂದರೆ ಆ ಬೀದಿಯಲ್ಲಿ ಕೈಕಟ್ಟಿ ಕೂರುವವರು ಯಾರೂ ಇಲ್ಲ.

"ಅಮ್ಮಾ, ಗೋಡೆ ಪಕ್ಕದ ಈ ಮಗ್ಗ ಒಂದಾದ್ರೂ ನಿಲ್ಸಿ," ಎಂದು ಭೀಮರಾಜ್ ಬೇಡಿಕೊಂಡ.

"ಲಗ್ನದ ಸೀರೆ. ನಾಳೆ ಬೆಳಿಗ್ಗೆ ಇಳಿಸ್ಲೇಬೇಕು. ಆ ಹೆಣ್ಣು ಏನು ಉಟ್ಕೊಂಡು ಹಸೆಗೆ ಕೂರ್ಬೇಕು?" ಎಂದಳು ರುಕ್ಮಿಣಮ್ಮ.

ಭೀಮರಾಜ್ ರಾಮಾಂಜಿನಪ್ಪನ ಮುಖ ನೋಡಿದ. ಅವನು ಹೆಂಡತಿಯ ಮುಖ ನೋಡಿದ, ಆಮೇಲೆ ಮಗ್ಗವನ್ನು ನೋಡಿದ. "ಓಡ್ಲಿ ಬಿಡ್ರೋ," ಎಂದು ಒಳಗೆ ಹೋದ.

ಆ ದಿನವೆಲ್ಲ ಅವಳು ನೇಯ್ದಳು. ಮಗ್ಗದ ಅಬ್ಬರದಲ್ಲಿ ಒಳಗಿನದೇನೂ ಕೇಳಲಿಲ್ಲ. ಸಂಜೆಯ ಹೊತ್ತಿಗೆ ಒಂದು ಎಳೆ ಹರಿಯಿತು. ಮಗ್ಗ ನಿಲ್ಲಿಸಿ, ಎಳೆ ಹುಡುಕಿ, ಗಂಟು ಹಾಕಿದಳು. ಆಗ ಗೋಡೆಯಾಚೆಯಿಂದ ಸದ್ದೇ ಇರಲಿಲ್ಲ. ಕಾಫಿಗೆ ನಿಲ್ಲಿಸಿದ್ದಾರೆ, ಹಾಲು ಸಾಕಾಗುತ್ತದೋ ಇಲ್ಲವೋ ಎಂದುಕೊಂಡು ಮತ್ತೆ ಮಗ್ಗದ ಹಿಡಿ ಎಳೆದಳು. ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಮಾರನೆಯ ದಿನ ಮಿಷನ್ನು ವಾಪಸು ಕೊಡಬೇಕಾಗಿತ್ತು. ಆದಷ್ಟೇ ಆಲ್ಬಂ.

ಕ್ಯಾಸೆಟ್ಟಿಗೆ 'ಸೆಕೆಂಡ್ ಶಿಫ್ಟ್' ಎಂದು ಹೆಸರಿಟ್ಟರು. ಬೆಂಗಳೂರಿನ ಪತ್ರಿಕೆಯೊಂದು, ಹಳೆಯ ಹುಲಿಗಳು ಹಲ್ಲಿಲ್ಲದೆ ಮರಳಿವೆ, ಹಾಡಿನ ಹಿಂದೆ ಹಿಟ್ಟಿನ ಗಿರಣಿ ಓಡುತ್ತಿದೆ ಎಂದು ಬರೆಯಿತು. ಕೊನೆಯ ಹಾಡಿನಲ್ಲಿ ಡ್ರಮ್ಮಿನವನು ನಿದ್ದೆ ಹೋದನೇ ಎಂದೂ ಕೇಳಿತು. ಭೀಮರಾಜ್ ಬಂದು ಬಾಗಿಲಲ್ಲೇ ನಿಂತು ಕೂಗಾಡಿದ: "ನಿನ್ ಹೆಂಡ್ತಿ ಮಗ್ಗ ನಮ್ ಆಲ್ಬಂ ತಿಂದ್ಹಾಕ್ತು ಕಣೋ ಆಂಜಿ!" ಆಂಜಿ ಅವನಿಗೆ ಕಾಫಿ ಕೊಡಿಸಿ ಬಸ್ಸು ಹತ್ತಿಸಿ ಬಂದ. ಹೆಂಡತಿಗೆ ಒಂದು ಮಾತೂ ಅನ್ನಲಿಲ್ಲ.

ಅಂದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಆ ಕ್ಯಾಸೆಟ್ಟನ್ನು ಒಂದು ದಿನವೂ ಕೇಳಲಿಲ್ಲ. ಕೇಳಲು ಧೈರ್ಯವಿರಲಿಲ್ಲ. ಮಗ್ಗ ನಿಂತಾಗ ಕೇಳುವಂತೆ ಎಂದು ಅವನು ಹೇಳಿದಾಗಲೆಲ್ಲ, ಅವತ್ತು ನೀನು ನಿಲ್ಲಿಸಲಿಲ್ಲವಲ್ಲ ಎಂದು ಚುಚ್ಚಿದಂತಾಗುತ್ತಿತ್ತು. ಅವನ ಬಾಳಿನಲ್ಲಿ ಅವನದೇ ಎಂದು ಇದ್ದದ್ದು ಅದೊಂದು. ಅದನ್ನೂ ನಾನು ಹಾಳುಮಾಡಿದೆನಲ್ಲ ಎಂಬ ಕೊರಗು ಅಕ್ಕಿಯೊಳಗಿನ ಕಲ್ಲಿನಂತೆ ಆಗಾಗ ಹಲ್ಲಿಗೆ ಸಿಗುತ್ತಿತ್ತು.

*

ಮಧ್ಯಾಹ್ನದ ಬಸ್ಸಿಗೆ ಭೀಮರಾಜ್ ಬಂದ. ಕೂದಲು ನರೆತಿದ್ದರೂ ಜುಟ್ಟು ಬಿಟ್ಟಿರಲಿಲ್ಲ. ಕಪ್ಪು ಅಂಗಿ, ಕಂಕುಳಲ್ಲಿ ಒಂದು ಟೇಪ್ ರೆಕಾರ್ಡರ್. ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದವರು ಕೈನಿಲ್ಲಿಸಿ ಈ ಅವತಾರವನ್ನು ನೋಡಿದರು.

ಅವನು ಸತ್ತವನ ಕಾಲ ಬಳಿ ಬಹಳ ಹೊತ್ತು ಕೂತಿದ್ದ. ಆಮೇಲೆ ರುಕ್ಮಿಣಮ್ಮನ ಮುಂದೆ ಬಂದು ಕುಕ್ಕುರುಗಾಲಲ್ಲಿ ಕೂತ.

"ಅಮ್ಮಾ, ಎತ್ತೋಕ್ ಮುಂಚೆ ಒಂದ್ ಹಾಡು ಹಾಕ್ಲಾ? ಸೆಕೆಂಡ್ ಶಿಫ್ಟಿಂದು. ಸೆಲ್ ಹಾಕ್ಕೊಂಡು ಬಂದಿದ್ದೀನಿ."

ಅವಳು ಮಾತಾಡುವ ಮುಂಚೆ ಪಿಳ್ಳಣ್ಣ ಎದ್ದ. "ಹೆಣದ ಮುಂದೆ ಆ ಕಿರುಚಾಟ ಹಾಕ್ತೀಯೇನಯ್ಯಾ? ಭಜನೆಯೋರಿಗೆ ಹೇಳಿ ಕಳ್ಸೀವಿ."

"ಅಣ್ಣಾ, ನಂಗಿಂತ ಜಾಸ್ತಿ ಆ ಕ್ಯಾಸೆಟ್ಟನ್ನ ಬೈದೋರು ಯಾರೂ ಇಲ್ಲ," ಎಂದ ಭೀಮರಾಜ್. "ಹೋದ್ ವರ್ಷ ಒಂದ್ ಕಾಲೇಜಲ್ಲಿ ಕಾಂಪಿಟಿಷನ್ನಿಗೆ ಜಡ್ಜ್ ಅಂತ ಕರ್ದಿದ್ರು. ಹುಡುಗ್ರು ನಮ್ ಹಾಡೇ ಬಾರಿಸಿದ್ರು. ಹಿಂದೆ ಮಗ್ಗದ ಸದ್ದು ಬರ್ತಿತ್ತಲ್ಲ, ಅದನ್ನೂ ಬಿಡ್ಲಿಲ್ಲ. ಒಬ್ಬ ತಗಡಿನ ಡಬ್ಬ ತಂದು ಅದನ್ನೇ ಕುಟ್ತಾ ಇದ್ದ. ಮನೇಗ್ ಹೋಗಿ ಕ್ಯಾಸೆಟ್ ಹುಡುಕಿ ಹಾಕ್ದೆ. ಇಷ್ಟ್ ವರ್ಷ ಬೈದದ್ದು ಇದನ್ನಾ ಅನ್ನಿಸ್ಬಿಡ್ತು."

ಮಗಳು ಪ್ರಮೋದಾ ಅಮ್ಮನ ಪಕ್ಕ ಕೂತಿದ್ದವಳು ಕೇಳಿದಳು: "ಚೆನ್ನಾಗಿತ್ತಾ ಅಂಕಲ್?"

"ಹಳೇ ಎರಡೂ ಕ್ಯಾಸೆಟ್ ಈಗ ಕೇಳಿದ್ರೆ ಯಾರದೋ ಕಾಪಿ ಹೊಡ್ದಂಗಿದೆ ಮಗಳೇ. ಫಾರಿನ್ನೋರು ಹಾಕ್ಕೊಂಡು ಬಿಟ್ಟ ಅಂಗಿ ಹಾಕ್ಕೊಂಡಿದ್ವಿ ಅಷ್ಟೇ. ಇದೊಂದು ಮಾತ್ರ ನಮ್ದು. ಆದ್ರೆ ಕೊನೇ ಹಾಡಲ್ಲಿ ನಿಮ್ಮಪ್ಪ ಯಾಕ್ ನಿಲ್ಸಿದ ಅಂತ ಇವತ್ತಿಗೂ ಗೊತ್ತಾಗ್ಲಿಲ್ಲ. ಬಾರಿಸ್ತಾ ಬಾರಿಸ್ತಾ ಸಡನ್ನಾಗಿ ಕೈ ಎತ್ತಿ, ತಡೀರಿ ಅಂತ ಸನ್ನೆ ಮಾಡ್ದ. ನಾವೂ ನಿಂತ್ವಿ. ಆಮೇಲೆ ಅವನೇ ಶುರು ಮಾಡ್ದ. ತಪ್ಪಾಯ್ತು ಅಂದ್ಕೊಂಡು ಅವತ್ತು ಬೈದೆ. ಈಗಿನ ಹುಡುಗ್ರು ಆ ಜಾಗಕ್ಕೇ ಸಾಯ್ತಾರೆ."

ಸಾವಿನ ಮನೆಯಲ್ಲಿ ಆಡಿದ ಮಾತಿಗೆ ತಾನೇ ನಾಲಿಗೆ ಕಚ್ಚಿಕೊಂಡ.

"ಅವ್ರಿಗೆ ಹೇಳಿದ್ರಾ ಇದನ್ನ?" ಎಂದು ರುಕ್ಮಿಣಮ್ಮ ಕೇಳಿದಳು.

"ದೀಪಾವಳಿಗೆ ಬಂದಿದ್ನಲ್ಲ, ಆಗ್ಲೇ ಹೇಳ್ದೆ. ಕ್ಷಮಿಸ್ಬಿಡೋ ಅಂದೆ. ನಕ್ಕ. 'ರುಕ್ಕು ಇನ್ನೂ ಕೇಳಿಲ್ಲ' ಅಂದ. ಅಷ್ಟೇ."

ರುಕ್ಮಿಣಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಕೇಳಿದರೆ ತನ್ನ ತಪ್ಪು ತನ್ನ ಕಿವಿಗೇ ಬೀಳುತ್ತದೆ. ಇವತ್ತು ಕೇಳದಿದ್ದರೆ ಇನ್ನೆಂದೂ ಕೇಳಲಾರಳು. ಮಗ್ಗ ಎಲ್ಲ ನಿಂತ ದಿನ ಇದೇ, ಅವನೇ ನಿಲ್ಲಿಸಿದ ದಿನ.

"ಹಾಕಿ," ಎಂದಳು.

"ಒಂದೇ ಒಂದು," ಪಿಳ್ಳಣ್ಣ ಬೆರಳೆತ್ತಿದ. "ಮುಗಿದ ತಕ್ಷಣ ಎತ್ತೋದೇ. ಹೊತ್ತಾಗ್ತಾ ಐತೆ."

*

ಹೂವು ಹಾಕಿದ್ದಾಯಿತು, ಬಾಯಿಗೆ ಅಕ್ಕಿ ಹಾಕಿದ್ದಾಯಿತು. ಬೀದಿಯವರೆಲ್ಲ ಅಂಗಳದಲ್ಲಿ, ಜಗುಲಿಗಳ ಮೇಲೆ ನಿಂತಿದ್ದರು. ಅವರ ಮಗ್ಗಗಳಿಗೆ ಒಂದಲ್ಲ ಒಂದು ದಿನ ರಾಮಾಂಜಿನಪ್ಪನ ಕೈ ತಾಗಿತ್ತು. ತುತ್ತಿನ ಹೊತ್ತಿಗೆ ಕರೆದರೂ ಕೈತೊಳೆದು ಎದ್ದು ಬರುತ್ತಿದ್ದ ಪುಣ್ಯಾತ್ಮ ಎಂದು ಬೈರಮ್ಮ ಬಂದವರಿಗೆಲ್ಲ ಹೇಳಿ ಹೇಳಿ ಅಳುತ್ತಿದ್ದಳು. ಭೀಮರಾಜ್ ಟೇಪನ್ನು ಜಗುಲಿಯ ಅಂಚಿನಲ್ಲಿಟ್ಟು ಕೊನೆಯ ಹಾಡಿಗೆ ಸುತ್ತಿ, ಗುಂಡಿ ಒತ್ತಿದ.

ಮೊದಲು ಬಂದದ್ದು ಗಿಟಾರಲ್ಲ, ಡ್ರಮ್ಮಲ್ಲ. ಮಗ್ಗ.

"ಅಯ್ಯೋ, ಇದು ನಿನ್ ಮಗ್ಗ ಅಲ್ವೇನೇ ರುಕ್ಕೂ!" ಎಂದಳು ಬೈರಮ್ಮ.

ಹೌದು, ಎಡಗಡೆಯ ಏಟು ಚೂರು ಭಾರವಾಗಿ ಬೀಳುವ ಅದೇ ಮಗ್ಗ. ರುಕ್ಮಿಣಮ್ಮ ಟೇಪಿನತ್ತ ತಿರುಗಿ ಕೂತಳು. ಇನ್ನೇನು ಅದು ಹಾಡನ್ನು ತುಳಿದುಹಾಕುತ್ತದೆ ಎಂದುಕೊಂಡಳು. ಅಷ್ಟರಲ್ಲಿ ಡ್ರಮ್ಮು ಬಂತು. ಅದು ಮಗ್ಗದ ಮೇಲೆ ಜಗಳಕ್ಕೆ ಹೋಗಲಿಲ್ಲ. ಎಡಗಡೆಯ ಭಾರದ ಏಟು ಬಿದ್ದಲ್ಲೆಲ್ಲ ದೊಡ್ಡ ಡ್ರಮ್ಮೂ ಬಿದ್ದಿತು, ಲಾಳಿ ಓಡಿದಲ್ಲೆಲ್ಲ ಸಣ್ಣ ಕೋಲುಗಳು ಓಡಿದವು. ಆಮೇಲೆ ಗಿಟಾರು, ಆಮೇಲೆ ಭೀಮರಾಜನ ಹರೆಯದ ಗಂಟಲು. ಎಲ್ಲರೂ ಅವಳ ಮಗ್ಗದ ಹೆಜ್ಜೆಗೇ ನಡೆಯುತ್ತಿದ್ದರು. ಅವರನ್ನೆಲ್ಲ ನಡೆಸುತ್ತಿದ್ದವನು ಅವನು, ಅವನನ್ನು ನಡೆಸುತ್ತಿದ್ದವಳು ತಾನು. ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಬೆಳಗಿನಿಂದ ಬಾರದಿದ್ದ ಅಳು ಈಗ ಬಂತು, ಆದರೆ ಅದು ದುಃಖದ್ದೊಂದೇ ಆಗಿರಲಿಲ್ಲ.

ಹಾಡು ಏರುತ್ತಾ ಹೋಯಿತು. ಇದ್ದಕ್ಕಿದ್ದಂತೆ ಮಗ್ಗ ನಿಂತಿತು. ಅದರ ಜೊತೆಗೇ ಡ್ರಮ್ಮು ನಿಂತಿತು. ಗಿಟಾರು ಒಂದು ಸ್ವರ ಎಳೆದು ಸುಮ್ಮನಾಯಿತು. ಟೇಪಿನೊಳಗೆ ಬಹು ದೂರದಲ್ಲಿ ಬೀದಿಯ ಉಳಿದ ಮಗ್ಗಗಳು ಗುನುಗುತ್ತಿದ್ದವು. ಇವತ್ತು ಉಸಿರಿಲ್ಲದೆ ನಿಂತ ಬೀದಿ, ಅಂದಿನ ತನ್ನದೇ ಸದ್ದನ್ನು ತಾನೇ ಕೇಳಿಸಿಕೊಳ್ಳುತ್ತಿತ್ತು. ಬೈರಮ್ಮ ತನ್ನ ಮಗ್ಗವನ್ನು ಗುರುತು ಹಿಡಿದು ಎದೆ ಮುಟ್ಟಿಕೊಂಡಳು.

"ಮುಗೀತು," ಎಂದ ಪಿಳ್ಳಣ್ಣ. "ಎತ್ರಪ್ಪಾ."

ನಾಲ್ವರು ಬಗ್ಗಿ ಬಿದಿರಿಗೆ ಕೈ ಹಾಕಿದರು.

"ತಾಳಿ!" ರುಕ್ಮಿಣಮ್ಮ ಎದ್ದು ನಿಂತಿದ್ದಳು. "ಇನ್ನೂ ಮುಗ್ದಿಲ್ಲ ಭಾವ. ಎಳೆ ಹರಿದೈತೆ. ನಾನ್ ಎಳೆ ಕಟ್ತಾ ಇದೀನಿ. ಅವ್ರು ಕಾಯ್ತಾ ಅವ್ರೆ."

ಪಿಳ್ಳಣ್ಣನಿಗೆ ಏನೂ ತಿಳಿಯಲಿಲ್ಲ. ಭೀಮರಾಜನಿಗೆ ತಿಳಿಯಿತು. ಅವನು ಅವಳನ್ನೇ ನೋಡುತ್ತ, ಅಂದು ಆಂಜಿ ಮಾಡಿದ ಹಾಗೆಯೇ, ಕೈ ಮೇಲೆತ್ತಿ ಎಲ್ಲರನ್ನೂ ತಡೆದ.

ಬಗ್ಗಿದವರು ಬಗ್ಗಿದಂತೆಯೇ ನಿಂತರು. ಇಡೀ ಬೀದಿ ನಿಂತಿತು. ರುಕ್ಮಿಣಮ್ಮನ ಹೆಬ್ಬೆರಳೂ ತೋರುಬೆರಳೂ ಸೆರಗಿನ ಅಂಚಿನಲ್ಲಿ ಕಾಣದ ಎಳೆಯೊಂದನ್ನು ಹುಡುಕಿದವು, ಸೇರಿಸಿದವು, ಹೊಸೆದವು, ಗಂಟು ಬಿಗಿದವು. ಆಮೇಲೆ ಅವಳ ಬಲಗೈ ಗಾಳಿಯಲ್ಲಿ ಮಗ್ಗದ ಹಿಡಿಯನ್ನು ಎಳೆಯಿತು.

ಟೇಪಿನಲ್ಲಿ ಮಗ್ಗವೂ ಡ್ರಮ್ಮೂ ಒಂದೇ ಏಟಿಗೆ ಶುರುವಾದವು, ಮತ್ತು ನಾಲ್ವರು ಅವನನ್ನು ಎತ್ತಿಕೊಂಡರು.