ಅರವತ್ತೇಳು ಸಲ ‘ಆಮೇಲೆ’

ದೊಡ್ಡಪ್ಪನ ಕಾರ್ಖಾನೆಯಲ್ಲಿ ತಯಾರಾಗುವುದು ಬೆದರುಬೊಂಬೆ. ಕೋಲಿಗೆ ಮಡಕೆ ಸಿಕ್ಕಿಸಿ ಹೊಲದಲ್ಲಿ ನಿಲ್ಲಿಸುತ್ತಾರಲ್ಲ, ಆ ಬಡಪಾಯಿ ಜಾತಿಯದಲ್ಲ. ಇವುಗಳಿಗೆ ಗಾಳಿ ಬೀಸಿದರೆ ಆಡುವ ತೋಳುಂಟು, ಬಿಸಿಲಿಗೆ ಮಿನುಗುವ ಕಣ್ಣುಂಟು, ಮೈತುಂಬ ಗಟ್ಟಿಯಾಗಿ ತುರುಕಿದ ಒಣಹುಲ್ಲು, ಅದರ ಮೇಲೆ ಇಸ್ತ್ರಿ ಮಾಡಿದ ಅಂಗಿ. ದೊಡ್ಡಪ್ಪನ ಮೈಮೇಲಿನ ಅಂಗಿ ಮಾತ್ರ ಇಸ್ತ್ರಿ ಕಂಡು ವರ್ಷಗಳಾಗಿದ್ದವು. “ಇವನ್ನ ನೋಡಿದ್ರೆ ಹಕ್ಕಿ ಹಾರಿ ಹೋಗಲ್ಲ, ಕ್ಷಮೆ ಕೇಳಿ ಹೋಗುತ್ತೆ,” ಎಂದು ಆತ ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದ.

ಬೊಂಬೆಗಳು ಹಡಗು ಹತ್ತಿ ಹೊರದೇಶಕ್ಕೂ ಹೋಗುತ್ತಿದ್ದವು. ಹೊರದೇಶ ಎಂದ ಮೇಲೆ ಕಾಗದಪತ್ರದ ಕಾಟ ಇದ್ದದ್ದೇ. ಯಾವ ದೇಶ ಏನನ್ನು ಒಳಗೆ ಬಿಡುತ್ತದೆ, ಯಾರಿಗೆ ಮಾರಬಹುದು, ಯಾರಿಗೆ ಮಾರಕೂಡದು ಎಂದು ಹೇಳುವುದಕ್ಕೇ ಒಂದು ಸಾಫ್ಟ್‌ವೇರ್ ಇತ್ತು. ಸರಕಿನ ವಿವರ ತುಂಬಿದರೆ, ಎಲ್ಲ ಸರಿಯಿದ್ದಾಗ ಹಸಿರು ತೋರಿಸುತ್ತಿತ್ತು, ತಪ್ಪಿದ್ದಾಗ ಕೆಂಪು. ಅದು ಇದ್ದದ್ದು ದೊಡ್ಡಪ್ಪನ ಕೋಣೆಯ ಕಂಪ್ಯೂಟರಿನಲ್ಲಿ ಮಾತ್ರ. ಕಾಗದಪತ್ರದ ಕೆಲಸವೆಲ್ಲ ನೋಡಿಕೊಳ್ಳುತ್ತಿದ್ದವಳು ಆತನ ತಮ್ಮನ ಮಗಳು ಪುಟ್ಟಿ. ವಯಸ್ಸು ಮೂವತ್ತನಾಲ್ಕು, ಕಣ್ಣಿಗೆ ಕನ್ನಡಕ, ಆದರೂ ಪುಟ್ಟಿಯೇ. ಆ ಕಂಪ್ಯೂಟರನ್ನು ಮುಟ್ಟುವ ಅಧಿಕಾರ ಪುಟ್ಟಿಗಿರಲಿಲ್ಲ. ಆಕೆ ಚೀಟಿಯಲ್ಲಿ ವಿವರ ಬರೆದುಕೊಡಬೇಕು, ದೊಡ್ಡಪ್ಪ ಒಂದೇ ಬೆರಳಿನಲ್ಲಿ ಕುಟ್ಟಿ ಹಸಿರು ಮುದ್ರೆಯ ಹಾಳೆ ತೆಗೆದುಕೊಡಬೇಕು. ಇದು ಪದ್ಧತಿ.

ಆ ಸಾಫ್ಟ್‌ವೇರ್ ಬೆಳಿಗ್ಗೆ ಬೆಳಿಗ್ಗೆಯೇ ದೊಡ್ಡಪ್ಪನನ್ನು ಕೇಳುತ್ತಿತ್ತು: ಅಪ್‌ಡೇಟ್ ಬಂದಿದೆ, ಈಗಲೋ, ಆಮೇಲೋ? ದೊಡ್ಡಪ್ಪ ‘ಆಮೇಲೆ’ ಒತ್ತುತ್ತಿದ್ದ. ಹಿಂದೊಮ್ಮೆ ಅಪ್‌ಡೇಟ್ ಆದಾಗ ಪ್ರಿಂಟ್ ಬಟನ್ ಬಲದಿಂದ ಎಡಕ್ಕೆ ಹಾರಿ, ಅದರ ಜಾಗದಲ್ಲಿ ರದ್ದು ಬಟನ್ ಬಂದು ಕೂತಿತ್ತು. ಆತ ಅಭ್ಯಾಸಬಲದಿಂದ ಒತ್ತಿ ಇಡೀ ದಿನದ ಕೆಲಸವನ್ನು ನೀರುಪಾಲು ಮಾಡಿದ್ದ. ಅಂದಿನಿಂದ ಅಪ್‌ಡೇಟ್ ಎಂದರೆ ಮೈ ಉರಿ. ಬಾಕಿ ಉಳಿದ ಅಪ್‌ಡೇಟುಗಳ ಲೆಕ್ಕ ಪರದೆಯ ಮೂಲೆಯಲ್ಲಿ ಕೆಂಪು ಅಂಕಿಯಾಗಿ ದಿನೇ ದಿನೇ ಏರುತ್ತಿತ್ತು. ಅದನ್ನು ನೋಡಲಾಗದೆ ಆತ ಏನು ಮಾಡಿದ ಗೊತ್ತೆ? ಕಾರ್ಖಾನೆಯದೇ ಒಂದು ಬೆದರುಬೊಂಬೆ ಸ್ಟಿಕ್ಕರ್ ತಂದು ಅಂಕಿಯ ಮೇಲೆ ಅಂಟಿಸಿಬಿಟ್ಟ. “ಇನ್ನು ಹತ್ತಿರ ಸುಳಿಯಲ್ಲ ಬಿಡು,” ಎಂದು ಕೈ ಕೊಡವಿಕೊಂಡ.

“ದೊಡ್ಡಪ್ಪ, ಯಾರಿಗೆ ಮಾರಬಾರದು ಅನ್ನೋ ಪಟ್ಟಿ ದಿನಾ ಬದಲಾಗುತ್ತೆ,” ಎಂದು ಪುಟ್ಟಿ ಗೋಗರೆದಿದ್ದಳು. “ಸುಂಕ, ನಿಯಮ ಎಲ್ಲ ವಾರಕ್ಕೆ ಒಂದೆರಡು ಸಲನಾದ್ರೂ ಬದಲಾಗುತ್ತೆ. ಒಂದು ತಿಂಗಳು ಬಿಟ್ರೆ ಮುಗೀತು ಕತೆ.”

“ದಿನಾ ಬದಲಾಗೋಕೆ ಅದೇನು ಕಾನೂನೋ, ಕಾಲುಚೀಲನೋ?”

“ಮತ್ತೆ ದೊಡ್ಡಮ್ಮನ ವರದಿ ದಿನಾ ಯಾಕೆ ಕೇಳ್ತೀರಿ?”

ದೊಡ್ಡಮ್ಮ ಎಂದರೆ ಆತನ ಹೆಂಡತಿ. ದಿನಾ ಬೆಳಿಗ್ಗೆ ಗಂಡ ಚಪ್ಪಲಿ ಮೆಟ್ಟುವಾಗ ಬಾಗಿಲಲ್ಲಿ ನಿಂತು, ಬಂಧುಬಳಗದಲ್ಲಿ ಇವತ್ತು ತಾನು ಯಾರ ಜೊತೆ ಮಾತಾಡುತ್ತಿದ್ದೇನೆ, ಯಾರ ಜೊತೆ ಮಾತು ಬಿಟ್ಟಿದ್ದೇನೆ ಎಂದು ವರದಿ ಒಪ್ಪಿಸುತ್ತಿದ್ದಳು. ದೊಡ್ಡಪ್ಪ ತುಟಿ ಪಿಟಕ್ಕೆನ್ನದೆ ಕೇಳಿಸಿಕೊಂಡು ಹೊರಡುತ್ತಿದ್ದ.

“ಅದು ಬೇರೆ, ಇದು ಬೇರೆ. ಅದು ಜೀವದ ಪ್ರಶ್ನೆ,” ಎಂದಿದ್ದ ದೊಡ್ಡಪ್ಪ.

ಈಗ ವಿಷಯಕ್ಕೆ ಬರೋಣ. ಪುಟ್ಟಿ ತಾನೇ ಪತ್ರ ಬರೆದು, ಬೆನ್ನುಬಿದ್ದು, ದೂರದೇಶದ ರೈತರ ಸಂಘವೊಂದರಿಂದ ನೂರಿಪ್ಪತ್ತು ಬೊಂಬೆಗಳ ಆರ್ಡರ್ ತಂದಿದ್ದಳು. ಅವಳ ಜೀವನದ ಮೊದಲ ಆರ್ಡರ್. ಸಂಘದ ಅಜ್ಜಿ ಬರೆದಿದ್ದು ಎರಡೇ ಸಾಲು: “ಮುಂದಿನ ತಿಂಗಳು ಇಪ್ಪತ್ತಕ್ಕೆ ಬಿತ್ತನೆ. ಇಪ್ಪತ್ತೊಂದಕ್ಕೆ ಹಕ್ಕಿಗಳು ಬರುತ್ತವೆ.” ನಾಳಿನ ಹಡಗು ತಪ್ಪಿದರೆ ಬೊಂಬೆಗಳು ಹಕ್ಕಿಗಳ ಊಟವಾದ ಮೇಲೆ ಹೋಗಿ ನಿಲ್ಲಬೇಕಾಗಿತ್ತು. ಆ ಹಡಗಿಗೆ ಸರಕು ಒಯ್ಯುವ ಲಾರಿ ಬರುವುದು ಇವತ್ತು ಸಂಜೆ ನಾಲ್ಕಕ್ಕೆ.

ಬೆಳಿಗ್ಗೆ ಎಂಟಕ್ಕೆ ಪುಟ್ಟಿ ಹಸಿರು ಮುದ್ರೆಯ ಹಾಳೆಯನ್ನು ಮತ್ತೊಮ್ಮೆ ನೋಡಿದಳು. ಅದರ ಮೂಲೆಯಲ್ಲಿದ್ದ ನಿಯಮಪಟ್ಟಿಯ ತಾರೀಕು ಹೋದ ತಿಂಗಳದ್ದು. ದೊಡ್ಡಪ್ಪ ಹೊರಗೆ ಬೊಂಬೆ ಎಣಿಸುತ್ತಿದ್ದ. ಅವಳು ಆತನ ಕೋಣೆಗೆ ನುಗ್ಗಿ, ಉಗುರಿನಿಂದ ಸ್ಟಿಕ್ಕರ್ ಕಿತ್ತಳು. ಅಡಿಯಲ್ಲಿ ಕೆಂಪಗೆ ಅರವತ್ತೇಳು ಎಂದಿತ್ತು. ಪುಟ್ಟಿ ‘ಈಗ’ ಒತ್ತಿದಳು.

ಕಂಪ್ಯೂಟರಿನ ಸದ್ದು ಕೇಳಿ ದೊಡ್ಡಪ್ಪ ಓಡಿಬಂದ. ತಡೆಯುವ ಹೊತ್ತು ಮೀರಿತ್ತು. ನಲವತ್ತು ನಿಮಿಷ ಪರದೆಯ ಮೇಲೆ ಚಕ್ರ ತಿರುಗಿತು, ನಲವತ್ತು ನಿಮಿಷವೂ ದೊಡ್ಡಪ್ಪ ಗೊಣಗಿದ. ಮುಗಿದ ಮೇಲೆ ಪುಟ್ಟಿ ಅದೇ ವಿವರವನ್ನು ಮತ್ತೆ ತುಂಬಿದಳು. ಪರದೆ ಕೆಂಪಗಾಯಿತು. ಈ ತಿಂಗಳ ಒಂದನೇ ತಾರೀಕಿನಿಂದ ಆ ದೇಶಕ್ಕೆ ಹಸಿ ಹುಲ್ಲಾಗಲಿ ಒಣಹುಲ್ಲಾಗಲಿ ತುಂಬಿದ ಸರಕು ಬರಕೂಡದು. ತರಲೇಬೇಕೆಂದರೆ ಹುಲ್ಲನ್ನು ಬಿಸಿಗೆ ಹಾಕಿ ಹುಳ ಕೊಂದ ಪ್ರಮಾಣಪತ್ರ ಬೇಕು, ಅದಕ್ಕೆ ಹತ್ತು ದಿನ.

“ನೋಡಿದ್ಯಾ? ಅದಕ್ಕೇ ಬೇಡ ಬೇಡ ಅಂತ ಬಡ್ಕೊಂಡೆ!” ದೊಡ್ಡಪ್ಪ ಮೇಜು ಗುದ್ದಿದ. “ಒಂದು ತಿಂಗಳಿಂದ ಹಸಿರಾಗಿ ತಣ್ಣಗಿತ್ತು. ನೀನು ಅಪ್‌ಡೇಟ್ ಮಾಡಿದೆ, ಕೆಂಪಾಯ್ತು!”

“ಕಾನೂನು ಬದಲಾಗಿ ಮೂರು ವಾರ ಆಯ್ತು ದೊಡ್ಡಪ್ಪ. ನಮಗೆ ಗೊತ್ತಾಗಿದ್ದು ಈಗ.”

“ಹಾಗಾದ್ರೆ ಗೊತ್ತಾಗದ ಹಾಗೆ ಮಾಡು. ಹಳೇದನ್ನೇ ವಾಪಸ್ ಹಾಕು.”

“ಆ ಕಡೆ ಬಂದರಿನವರು ನಮ್ಮ ಕಂಪ್ಯೂಟರ್ ನೋಡಲ್ಲ. ಬೊಂಬೆ ಹೊಟ್ಟೆ ಬಿಚ್ಚಿ ನೋಡ್ತಾರೆ. ನೂರಿಪ್ಪತ್ತನ್ನೂ ಸುಟ್ಟು ಹಾಕ್ತಾರೆ.”

ಸುಡುವ ಮಾತು ಕೇಳಿ ದೊಡ್ಡಪ್ಪ ಕುರ್ಚಿಯಲ್ಲಿ ಕುಸಿದು ಕೂತ. ಬೊಂಬೆಗಳೆಂದರೆ ಆತನಿಗೆ ಮಕ್ಕಳಿದ್ದ ಹಾಗೆ. ಪುಟ್ಟಿಗೆ ಅಳು ಬಂತು, ಅವಳು ಅಳುತ್ತಲೇ ನಿಯಮದ ಉಳಿದ ಸಾಲುಗಳನ್ನೂ ಓದಿದಳು. ಹುಲ್ಲಿಗೆ ಅಡ್ಡಿ ಇತ್ತೇ ಹೊರತು ಬಟ್ಟೆಗೆ ಇರಲಿಲ್ಲ. ಪಕ್ಕದ ಬಟ್ಟೆ ಕಾರ್ಖಾನೆಯಲ್ಲಿ ಚೂರುಬಟ್ಟೆ ರಾಶಿ ರಾಶಿ ಬಿದ್ದಿತ್ತು. ವಿವರದಲ್ಲಿ ಹುಲ್ಲು ತೆಗೆದು ಹೊಸ ಚೂರುಬಟ್ಟೆ ಎಂದು ತುಂಬಿ ನೋಡಿದಳು. ಹಸಿರು ಬಂತು.

ಇನ್ನು ನೂರಿಪ್ಪತ್ತು ಹೊಟ್ಟೆ ಬಿಚ್ಚಿ, ಹುಲ್ಲು ಕಿತ್ತು, ಒಂದು ಎಳೆಯೂ ಉಳಿಯದಂತೆ ಕೊಡವಿ, ಬಟ್ಟೆ ತುಂಬಿ, ಹೊಲಿಯಬೇಕು. ಇದ್ದ ಕೆಲಸಗಾರರು ಒಂಬತ್ತು ಮಂದಿ.

“ನಮ್ಮೋರಿಗೆ ಫೋನ್ ಮಾಡ್ತೀನಿ,” ಎಂದು ದೊಡ್ಡಪ್ಪ ಎದ್ದ. ಹನ್ನೊಂದರ ಹೊತ್ತಿಗೆ ದೊಡ್ಡಮ್ಮ ಬಂದಳು. ಹಿಂದೆಯೇ ದೊಡ್ಡಪ್ಪನ ತಂಗಿ, ಪುಟ್ಟಿಗೆ ಚಿಕ್ಕತ್ತೆ, ನಾಲ್ಕು ಸೂಜಿ ಹಿಡಿದು ಬಂದಳು. ಇಬ್ಬರದೂ ಕೈಚಳಕದ ಹೊಲಿಗೆ. ದೊಡ್ಡಪ್ಪ ಉತ್ಸಾಹದಿಂದ ಇಬ್ಬರನ್ನೂ ಒಂದೇ ಬೊಂಬೆಯ ಆಚೀಚೆ ಕೂರಿಸಿದ.

ಇಬ್ಬರೂ ಮುಖ ಗಂಟಿಕ್ಕಿಕೊಂಡರು. ಸೂಜಿ ಏಳಲಿಲ್ಲ. ಕೊನೆಗೆ ದೊಡ್ಡಮ್ಮ ಬೊಂಬೆಯ ಕಡೆ ತಿರುಗಿ ಮಾತು ತೆಗೆದಳು.

“ನೋಡಪ್ಪ ಬೊಂಬೆ, ಕೆಲವರು ಕುಕ್ಕರ್ ಕಡ ತಗೊಂಡು ಹೋಗ್ತಾರೆ. ವಾಪಸ್ ಕೊಡೋವಾಗ ಗ್ಯಾಸ್ಕೆಟ್ಟೇ ಇರಲ್ಲ.”

ಚಿಕ್ಕತ್ತೆ ಬೊಂಬೆಯ ಇನ್ನೊಂದು ಕಿವಿಗೆ ಬಾಗಿದಳು. “ಬೊಂಬೆಯಪ್ಪ, ಇಲ್ಲದೇ ಇರೋ ಗ್ಯಾಸ್ಕೆಟ್ ಕೇಳಿದ್ರೆ ಎಲ್ಲಿಂದ ತರೋದು ಅಂತ ನೀನೇ ಹೇಳು.”

ಪುಟ್ಟಿ ತಲೆಯ ಮೇಲೆ ಕೈಹೊತ್ತಳು. ದೊಡ್ಡಪ್ಪ ಹೆಂಡತಿಯ ಬಳಿ ಓಡಿದ. “ಇದ್ಯಾವಾಗ ಆಯ್ತು? ನಿನ್ನೆ ಬೆಳಿಗ್ಗೆ ವರದಿಯಲ್ಲಿ ಚೆನ್ನಾಗೇ ಇದ್ರಲ್ಲ!”

“ನಿನ್ನೆ ಸಾಯಂಕಾಲ ಆಯ್ತು. ಇವತ್ತು ಬೆಳಿಗ್ಗೆ ಹೇಳೋಕೆ ಬಾಗಿಲಿಗೆ ಬಂದೆ. ಲಾರಿ ಬರುತ್ತೆ ಅಂತ ಓಡ್ತಾ ಏನಂದ್ರಿ, ನೆನಪಿದ್ಯಾ?”

ದೊಡ್ಡಪ್ಪನಿಗೆ ನೆನಪಿತ್ತು.

“‘ಆಮೇಲೆ’ ಅಂದ್ರಿ,” ಎಂದಳು ದೊಡ್ಡಮ್ಮ.

ದೊಡ್ಡಪ್ಪ ಮೆಲ್ಲಗೆ ಪುಟ್ಟಿಯತ್ತ ನೋಡಿದ. ಪುಟ್ಟಿ ಕನ್ನಡಕ ಒರೆಸುತ್ತಿದ್ದಳು. ಆತ ತಲೆ ತಗ್ಗಿಸಿ ಇಬ್ಬರನ್ನೂ ಬೇರೆ ಬೇರೆ ಬೊಂಬೆಗೆ ಕೂರಿಸಿದ.

ಅದು ಮಾತ್ರ ಒಳ್ಳೆಯದಾಯಿತು. ಸಿಟ್ಟು ಕೈಗಿಳಿದಿತ್ತು. ದೊಡ್ಡಮ್ಮ ಒಂದು ಹೊಟ್ಟೆ ಮುಗಿಸಿದರೆ ಚಿಕ್ಕತ್ತೆ ಎರಡು ಮುಗಿಸಿದಳು, ಅವಳು ಎರಡೆಂದರೆ ಇವಳು ಮೂರು. ಕೆಲಸಗಾರರು ಹುಲ್ಲು ಕಿತ್ತು ಕೊಟ್ಟು ಸುಸ್ತಾದರು. ಇಬ್ಬರೂ ಹಟಕ್ಕೆ ಬಿದ್ದು ಬಟ್ಟೆ ಜಡಿದಿದ್ದರಿಂದ ಬೊಂಬೆಗಳಿಗೆ ಬೊಜ್ಜು ಬಂತು, ಕೆಲವಕ್ಕೆ ಅಂಗಿಯ ಗುಂಡಿಯೇ ಹಾಕಲಾಗಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ದೊಡ್ಡಪ್ಪನ ದಡ್ಡತನದ ವಿಷಯ ಬಂತು. ಸ್ಟಿಕ್ಕರಿನ ಕತೆಯನ್ನು ಪುಟ್ಟಿ ಹೇಳಿದಾಗ ಅತ್ತಿಗೆ ನಾದಿನಿ ಇಬ್ಬರಿಗೂ ಒಟ್ಟಿಗೇ ನಗು ಉಕ್ಕಿತು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮತ್ತೆ ನಕ್ಕರು.

ನಾಲ್ಕಕ್ಕೆ ಲಾರಿ ಬಂತು. ನೂರಿಪ್ಪತ್ತು ದಢೂತಿಗಳು ಅದರೊಳಗೆ ಒತ್ತಿ ಕೂತವು. ಚಾಲಕ ಗಾಡಿ ಚಾಲೂ ಮಾಡಿದ್ದೇ ತಡ, ದೊಡ್ಡಪ್ಪ ಎರಡೂ ಕೈ ಚಾಚಿ ತನ್ನದೇ ಬೊಂಬೆಯ ಹಾಗೆ ಲಾರಿಯ ಮುಂದೆ ನಿಂತುಬಿಟ್ಟ.

“ನಿಲ್ಸಿ! ಪುಟ್ಟಿ, ಹೋಗಿ ಇನ್ನೊಂದು ಸಲ ಅಪ್‌ಡೇಟ್ ಒತ್ತು. ಬೆಳಿಗ್ಗೆಯಿಂದ ಏನಾದ್ರೂ ಬದಲಾಗಿದ್ರೆ?”

“ನಾನು ಒತ್ತಬಹುದಾ ದೊಡ್ಡಪ್ಪ?”

“ನೀನೇ ಒತ್ತು. ಇನ್ಮೇಲೆ ಆ ಕುರ್ಚಿ ನಿಂದೇ.”

ಪುಟ್ಟಿ ಓಡಿದಳು. ಹೊಸದೊಂದು ಬಂದೇ ಇತ್ತು. ಆ ಎರಡು ನಿಮಿಷ ಎಲ್ಲರೂ ಕಿಟಕಿಗೆ ಮುಖ ಒತ್ತಿ ಚಕ್ರ ತಿರುಗುವುದನ್ನು ನೋಡಿದರು, ಲಾರಿಯ ಚಾಲಕನೂ ಸೇರಿ. ಹಸಿರು ಬಂತು. ಪುಟ್ಟಿ ಕಿಟಕಿಯಿಂದಲೇ ಕೈ ಬೀಸಿದಳು, ಲಾರಿ ಹೊರಟಿತು.

ದೊಡ್ಡಪ್ಪನ ಹುರುಪು ಇಳಿದಿರಲಿಲ್ಲ. ಮೈಮೇಲಿನ ಹುಲ್ಲು ಕೊಡವಿಕೊಂಡು ಹೆಂಡತಿಯ ಮುಂದೆ ವಿಧೇಯನಾಗಿ ನಿಂತ.

“ಈಗ ನೀನು ಹೇಳು. ಬೆಳಿಗ್ಗೆ ಕೇಳದೇ ಹೋದೆ, ತಪ್ಪಾಯ್ತು. ಇವತ್ತಿನ ವರದಿ ಏನು?”

ದೊಡ್ಡಮ್ಮ ಚಿಕ್ಕತ್ತೆಯ ತೋಳು ಹಿಡಿದುಕೊಂಡು ಗೇಟಿನತ್ತ ನಡೆದಿದ್ದಳು. ತಿರುಗಿ, ಪುಟ್ಟಿಯ ಕಡೆ ನೋಡಿ ಹೇಳಿದಳು:

“ನಾನು ನಾದಿನಿ ಜೊತೆ ಮಾತಾಡ್ತಾ ಇದ್ದೀನಿ. ನಿಮ್ಮ ದೊಡ್ಡಪ್ಪನ ಜೊತೆ ಮಾತು ಬಿಟ್ಟಿದ್ದೀನಿ ಅಂತ ಅವರಿಗೆ ಹೇಳಮ್ಮ.”